ಬೇಲಿಯಾಚೆಯಿಂದ ತೆಗೆದ ವಿಡಿಯೋ

“ನನ್ನ ಕುದುರೆ ಓಡಿದ್ರೆ ಅದರ ನೆರಳು ಮಾರನೇ ದಿನ ಬಂದು ಸೇರ್ಕೊಳ್ಳತ್ತೆ,” ಎಂದ ಉಂಬು ತರಪ್. ವೈಂಗಾಪು ಪಟ್ಟಣದ ಬಸ್ ನಿಲ್ದಾಣದಲ್ಲಿದ್ದ ಹನ್ನೆರಡು ಮಂದಿಗೂ ಕೇಳಿಸಿತು. ಅವನ ಲೆಕ್ಕದಲ್ಲಿ ಅವರು ಸಾವಿರ ಮಂದಿ. ಬೆಂಚಿನ ತುದಿಯಲ್ಲಿದ್ದ ಮೀನು ಮಾರುವ ಹೆಂಗಸು ಬುಟ್ಟಿ ಸರಿಸಿ ಕಿವಿಗೊಟ್ಟಳು. ಕುದುರೆ ಕೊಳ್ಳಬಂದ ರಂಬು ಲಿಕಾ ಅವನ ಪಕ್ಕದಲ್ಲೇ ಕೂತಿದ್ದಳು.

“ಹಾಗಾದ್ರೆ ಆ ಕುದುರೆ ನಂಗೆ ಮಾರಿ ಮಾವ. ನಿನ್ನೆಯಿಂದ ಯಾಕೆ ಮುಖ ಊದಿಸ್ಕೊಂಡಿದ್ದೀರಿ?”

“ಎಲೆಯಡಿಕೆ ಇಟ್ಟು, ಅಪ್ಪಣೆ ಕೇಳಿ, ಆಮೇಲೆ ಕುದುರೆ ವಿಡಿಯೋ ತೆಗೀಬೇಕು. ನೀನು ಬೇಲಿಯಾಚೆ ನಿಂತು ಕಳ್ಳಿ ಹಾಗೆ ತೆಗೆದೆ.”

“ತಪ್ಪಾಯ್ತು. ಇಗೋ ಎಲೆ, ಇಗೋ ಅಡಿಕೆ.”

ಅವನು ಬಾಯಿಗೆ ಹಾಕಿಕೊಂಡ. “ಸರಿ, ಅದನ್ನ ಅಳಿಸಿಬಿಡು. ನಾನೇ ಗತ್ತಾಗಿ ಸವಾರಿ ಮಾಡ್ತೀನಿ, ಹೊಸದು ತೆಗಿ.”

“ಅಳಿಸೋ ಮುಂಚೆ ನೋಡಿ. ಇಲ್ಲಿ ಹತ್ತಿದ್ರಿ. ಇಲ್ಲಿ ಹುಲ್ಲಿನ ಮೇಲಿದ್ದೀರಿ.”

“ಅದು ಇಳಿಯೋ ರೀತಿ.”

“ತಲೆ ಮುಂದೆ ಮಾಡ್ಕೊಂಡಾ? ಆಮೇಲೆ ಹತ್ತಿ ಗಾಳಿ ಹಾಗೆ ಹೋದ್ಲಲ್ಲ, ಆ ಹುಡುಗಿ ಯಾರು?”

ತರಪ್ ಫೋನನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಅವನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

“ನನ್ನ ಮಗಳು ಯಾತಿ. ಎಷ್ಟು ನೆಟ್ಟಗೆ ಕೂತಿದ್ದಾಳೆ ನೋಡು.”

“ಪಳಗಿಸಿದ್ದು ನಾನೇ ಅಂತ ಊರಿಗೆಲ್ಲ ಹೇಳಿದ್ರಲ್ಲ?”

“ಸುಳ್ಳು ಕಣಮ್ಮ. ಅದು ಒಂದು ದಿನಾನೂ ನನ್ನನ್ನ ಬೆನ್ನ ಮೇಲೆ ಇಟ್ಕೊಂಡಿಲ್ಲ. ನಾನು ಬಿದ್ದಿದ್ದು ಅಳಿಸು, ಅವಳಿರೋದು ನಂಗೂ ಕಳಿಸು.”

“ಕಳಿಸ್ತೀನಿ. ಅವಳ ಸವಾರಿ ನೋಡೇ ನಾನು ಕೊಳ್ಳೋಕೆ ಬಂದಿದ್ದು. ಬೆಲೆ ಹೇಳಿ.”

ಬಸ್ಸು ಬಂತು. ತರಪ್ ಎದ್ದು ನಿಂತ.

“ಬೆಲೆ ಅವಳನ್ನೇ ಕೇಳಬೇಕು,” ಎಂದ, ಬಾಗಿಲ ಕಡೆ ನಡೆಯುತ್ತಾ. “ಕುದುರೇನೂ ಅವಳದ್ದೇ.”