ಹದಿನೇಳನೇ ಸ್ಯಾಂಪಲ್‌ನ ಷರಾ

ವೇದಿಕೆಯ ಮೇಲಿರುವ ನಮ್ಮ ಪ್ರಯೋಗಾಲಯದ ನಿರ್ದೇಶಕರೇ, ಅತಿಥಿಗಳೇ, ಕಾಫಿ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನನ್ನ ಬಗ್ಗೆ ಇಷ್ಟೊಂದು ಒಳ್ಳೆಯ ಮಾತು ಕೇಳಿ, ತೀರಿಕೊಂಡುಬಿಟ್ಟೆನೇನೋ ಎಂದು ಒಂದು ಗಳಿಗೆ ಗಾಬರಿಯಾಯಿತು. ಇಲ್ಲ, ನಿವೃತ್ತಿ ಅಷ್ಟೇ.

ಮೂವತ್ತೊಂದು ವರ್ಷ ಆಹಾರದ ಸ್ಯಾಂಪಲ್ ಪರೀಕ್ಷಿಸಿದೆ. ಮೂವತ್ತೊಂದು ವರ್ಷವೂ ಒಂದೇ ಪ್ರಶ್ನೆ: ರುಚಿ ಹೆಚ್ಚಿಸುವ ಆ ಬಿಳಿ ಪುಡಿ ತಿಂದರೆ ಏನೂ ಆಗುವುದಿಲ್ಲವೇ? ಬಸ್ಸಿನಲ್ಲಿ ಕೇಳಿದರು, ಹಲ್ಲು ಕೀಳುವಾಗ ದಂತವೈದ್ಯರೂ ಕೇಳಿದರು. ಬಾಯಲ್ಲಿ ಇಕ್ಕಳ ಇರುವವನು ಏನು ಹೇಳಬೇಕು? ಹಿತಮಿತವಾಗಿ ತಿಂದರೆ ಹೆಚ್ಚಿನವರಿಗೆ ತೊಂದರೆಯಿಲ್ಲ, ಕೆಲವರು ತಲೆನೋವು ಬರುತ್ತದೆ ಅನ್ನುತ್ತಾರೆ, ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ ಎಂದೆ. "ಹಾಗಾದ್ರೆ ವಿಷ ಅಂತೀರಾ?" ಎಂದರು ಒಬ್ಬರು. "ಕಂಪನಿಯವರು ಎಷ್ಟು ಕೊಟ್ರು?" ಎಂದರು ಇನ್ನೊಬ್ಬರು. ಹೇಳಿ ಹೇಳಿ ಸಾಕಾಯಿತು ಸ್ವಾಮಿ. ಬಾಯಿ ಮುಚ್ಚಿಕೊಂಡಿರುವುದೇ ರೂಢಿಯಾಯಿತು.

ಹನ್ನೊಂದು ವರ್ಷದ ಹಿಂದೆ ಸೂಪ್ ಅಂಗಡಿಗಳ ಸ್ಯಾಂಪಲ್ ಬಂದವು. ನಮಗೆ ಬರುವುದು ನಂಬರು ಮಾತ್ರ, ಹೆಸರಲ್ಲ. ಹದಿನೇಳನೆಯದು ಟೊಮೆಟೊ ಸೂಪ್. ಆ ಪುಡಿಯ ಅಂಶ ಇದೆ ಎಂದಿತು ಯಂತ್ರ. ಅದೇ ಅಂಶ ಟೊಮೆಟೊದಲ್ಲಿ ತಾನಾಗಿಯೇ ಇರುತ್ತದೆ. ಪುಡಿಯಿಂದ ಬಂದದ್ದೋ ಹಣ್ಣಿನಿಂದ ಬಂದದ್ದೋ ಯಂತ್ರಕ್ಕೆ ತಿಳಿಯುವುದಿಲ್ಲ. ನನಗೆ ಇದು ಗೊತ್ತಿತ್ತು. ಷರಾ ಕಾಲಂನಲ್ಲಿ ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಏಕೆ? ಸುಸ್ತಾಗಿತ್ತು. ಬರೆದರೂ ಓದುವವರು ಯಾರು ಅನ್ನಿಸಿತ್ತು.

ಅದು ನನ್ನ ಅಕ್ಕನ ಅಂಗಡಿಯ ಸೂಪ್ ಎಂದು ಆಮೇಲೆ ತಿಳಿಯಿತು. 'ಇಲ್ಲಿ ರುಚಿಪುಡಿ ಬಳಸುವುದಿಲ್ಲ' ಎಂದು ಕೈಯಾರೆ ಬರೆದು ಬೋರ್ಡು ಹಾಕಿದ್ದಳು. ನಿಜವಾಗಿಯೂ ಬಳಸುತ್ತಿರಲಿಲ್ಲ. ವರದಿ ಪೇಪರಿನಲ್ಲಿ ಬಂದ ಮೇಲೆ ಗಿರಾಕಿಗಳು ಆ ಬೋರ್ಡಿನ ಮುಂದೆ ನಿಂತು ನಕ್ಕರು. ಎರಡೇ ತಿಂಗಳಿಗೆ ಬಾಗಿಲು ಹಾಕಿದಳು. "ಟೊಮೆಟೊದಲ್ಲೂ ಇರುತ್ತೆ ಅಂತ ನಿಂಗೆ ಗೊತ್ತಿತ್ತಲ್ವೇನೋ?" ಎಂದು ಒಂದೇ ಸಲ ಕೇಳಿದಳು. ಯಂತ್ರ ತೋರಿಸಿದ್ದನ್ನು ಬರೆಯುವುದಷ್ಟೇ ನಮ್ಮ ಕೆಲಸ ಎಂದು ನಾನು ನಿಯಮ ಹೇಳಿದೆ. ಎತ್ತಿ ಆಡಿಸಿದ ಅಕ್ಕನಿಗೆ ನಿಯಮ ಹೇಳಿದೆ! ಇವತ್ತಿಗೂ ನಾಚಿಕೆಯಾಗುತ್ತದೆ.

ನಿರ್ದೇಶಕರೇ, ನೀವು ಕೊಟ್ಟ ಗೋಡೆ ಗಡಿಯಾರ ಚೆನ್ನಾಗಿದೆ. ಆದರೆ ನನಗೆ ಇನ್ನೊಂದು ಉಡುಗೊರೆ ಬೇಕು. ಆ ವರದಿಯ ಷರಾ ಕಾಲಂ ಇಂದು ಬೆಳಿಗ್ಗೆ ತುಂಬಿದ್ದೇನೆ: 'ಪುಡಿ ಬೆರೆಸಿದ್ದಾರೆ ಎನ್ನಲು ಈ ಪರೀಕ್ಷೆ ಸಾಲದು.' ನನ್ನ ರುಜು, ಇಂದಿನ ತಾರೀಖು ಎರಡೂ ಇವೆ. ಅಂದು ಕೆಳಗೆ ರುಜು ಹಾಕಿದವರು ನೀವು, ಇಂದೂ ಹಾಕಿ. ಐದು ಗಂಟೆಯವರೆಗೆ ನಾನಿನ್ನೂ ನೌಕರನೇ. ಪೆನ್ನು ಇಲ್ಲಿದೆ, ಸರ್.

ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. "ನಿನ್ನ ಹೊಗಳೋದು ಕೇಳೋಕೆ ನಾನು ಒಳಗೆ ಬರಲ್ಲ" ಅಂದಳು. ಕನ್ನಡಕ ಸಿಕ್ಕಿತೇ ಸರ್? ಹೌದು, ಅಲ್ಲೇ, ನನ್ನ ರುಜುವಿನ ಕೆಳಗೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಕಾಫಿಗೆ ನನ್ನನ್ನು ಕಾಯಬೇಡಿ, ಈ ಕಾಗದ ಹೊರಗೆ ತಲುಪಿಸಬೇಕು. ನಮಸ್ಕಾರ.