ರಾಂಗ್ ನಂಬರ್ ಎಂದವರಿಗೆ

ಇಂದು ಬೆಳಗಿನ ಜಾವ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಫೋನು ಎರಡೇ ಎರಡು ಸಲ ರಿಂಗಾಯಿತು... ಕ್ಷಮಿಸಿ. ಮೊದಲು ವೇದಿಕೆಗೆ ವಂದಿಸಬೇಕಿತ್ತು. ನಿದ್ದೆಗೆಟ್ಟವಳ ಕೈಗೆ ಮೈಕು ಕೊಟ್ಟರೆ ಹೀಗೇ ಆಗುತ್ತದೆ.

ಈ ಸಂಜೆಯ ಅಧ್ಯಕ್ಷರಾದ ಫಾದರ್ ಇನ್ನಾಸಪ್ಪನವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಶಾಂತಕುಮಾರಿಯವರೇ, ಸನ್ಮಾನ ಸ್ವೀಕರಿಸಿ, ಈ ಸೆಕೆಯಲ್ಲೂ ಶಾಲು ತೆಗೆಯಲು ಸಂಕೋಚಪಟ್ಟು ಕುಳಿತಿರುವ ನಮ್ಮ ಲೂರ್ದಮ್ಮನವರೇ, ‘ಜೊತೆಗಿರು’ ಬಳಗದ ಬಂಧುಗಳೇ, ಬಾಗಿಲ ಹತ್ತಿರದ ಕುರ್ಚಿಗಳನ್ನೇ ಆರಿಸಿಕೊಂಡು ಕೂತಿರುವ ಸಭಿಕರೇ, ನಿಮಗೆಲ್ಲ ಹೇಮಶ್ರೀಯ ವಂದನೆಗಳು. ಆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ನಾನೂ ಆರು ತಿಂಗಳು ಕೂತಿದ್ದವಳು. ಬೇಗ ಎದ್ದು ಹೋಗಲು ಅನುಕೂಲ, ಅಲ್ಲವೇ?

ಜೋಗುಪಾಳ್ಯದ ಈ ಚರ್ಚಿನ ಹಾಲಿನಲ್ಲಿ ಸೇರುವ ನಮ್ಮೆಲ್ಲರ ಮನೆಯಲ್ಲೂ ಒಬ್ಬರು ಆತ್ಮಹತ್ಯೆಯಿಂದ ತೀರಿಹೋಗಿದ್ದಾರೆ. ಈ ಒಂದು ವಾಕ್ಯ ಹೇಳಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಯಾರು ಕೇಳಿದರೂ ‘ಹಾರ್ಟ್ ಅಟ್ಯಾಕ್’ ಎನ್ನುತ್ತಿದ್ದೆ. ನನ್ನ ಗಂಡ ಭೀಮೇಶನಿಗೆ ಆಗ ಮೂವತ್ತೊಂದು ವರ್ಷ. ನಮ್ಮ ಮಗಳು ತನ್ಮಯಿಗೆ ಏಳು ತಿಂಗಳು. ಹೇಗೆ, ಯಾಕೆ ಎಂದು ನಾನು ಹೇಳುವುದಿಲ್ಲ. ಹೇಗೆ ಎಂದು ಲೂರ್ದಮ್ಮ ಯಾವತ್ತೂ ಕೇಳಲಿಲ್ಲ. ಯಾಕೆ ಎನ್ನುವುದು ನನಗೂ ಪೂರ್ತಿ ಗೊತ್ತಿಲ್ಲ.

ಲೂರ್ದಮ್ಮನವರ ಬಗ್ಗೆ ನಾಲ್ಕು ಮಾತು ಹೇಳು ಎಂದಿದ್ದಾರೆ. ನನಗೆ ಗೊತ್ತಿರುವುದು ಅವರು ಆಡಿದ ಒಂದೇ ಮಾತು, ಅದನ್ನೇ ಹೇಳುತ್ತೇನೆ.

ಭೀಮೇಶ ಹೋಗಿ ಒಂಬತ್ತನೇ ದಿನ. ಮಟಮಟ ಮಧ್ಯಾಹ್ನ. ಆಸ್ಪತ್ರೆಯ ನರ್ಸ್ ಒಬ್ಬರು ಕೊಟ್ಟಿದ್ದ ಚೀಟಿಯಲ್ಲಿ ಬಳಗದ ಫೋನ್ ನಂಬರ್ ಇತ್ತು. ಗರುಡಾಚಾರ್‌ಪಾಳ್ಯದ ಮನೆಯ ಅಡುಗೆಕೋಣೆಯಲ್ಲಿ ಕೂತು ಫೋನ್ ಮಾಡಿದೆ. ಆ ಕಡೆಯಿಂದ “ಹಲೋ, ಹೇಳಮ್ಮ” ಎಂಬ ಧ್ವನಿ ಬಂತು. “ರಾಂಗ್ ನಂಬರ್” ಎಂದೆ.

ಯಾರಾದರೂ ಏನು ಮಾಡುತ್ತಾರೆ? ಇಟ್ಟುಬಿಡುತ್ತಾರೆ. ಈ ತಾಯಿ ಇಡಲಿಲ್ಲ. “ಆಗ್ಲಿ ಬಿಡು ಮಗಾ. ರಾಂಗ್ ನಂಬರ್ ಆದ್ರೇನು, ಊಟ ಆಯ್ತಾ?” ಎಂದರು.

“ಇಲ್ಲ.”

“ಮನೆ ಎಲ್ಲಿ?”

ಹೇಳಿದೆ. ಹಾಗೇ ಹೇಳಿಬಿಟ್ಟೆ. ಎಂ.ಕಾಂ. ಓದಿದವಳು, ಅಪರಿಚಿತರಿಗೆ ಒಟಿಪಿ ಕೂಡ ಹೇಳದವಳು, ಮನೆ ಅಡ್ರೆಸ್ ಹೇಳಿಬಿಟ್ಟೆ.

ಮರುದಿನ ಹನ್ನೊಂದು ಗಂಟೆಗೆ ಬಂದರು. ಜೋಗುಪಾಳ್ಯದಿಂದ ಎರಡು ಬಸ್ಸು ಬದಲಾಯಿಸಿ, ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್ ಇಟ್ಟ ಬ್ಯಾಗು, ಇನ್ನೊಂದರಲ್ಲಿ ಕೊಡೆ. ನಮ್ಮತ್ತೆ ಗೋವಿಂದಮ್ಮನವರು, ಅಗೋ ಮೂರನೇ ಸಾಲಿನಲ್ಲಿ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾರೆ, ಅವತ್ತು ನನ್ನ ಕಿವಿಯಲ್ಲಿ, “ಚರ್ಚಿನೋರಂತೆ ಕಣೇ. ಬ್ಯಾಗಲ್ಲಿ ಪುಸ್ತಕ ಇಟ್ಕೊಂಡಿರ್ತಾರೆ, ಹುಷಾರು” ಎಂದರು. ಬ್ಯಾಗಿನಲ್ಲಿದ್ದದ್ದು ಮೆಣಸಿನ ಸಾರು, ಅನ್ನ, ಹುರಿದ ಹಪ್ಪಳ. ಅತ್ತೆ, ನಗಬೇಡಿ, ಆ ಹಪ್ಪಳ ತಿಂದವರು ನೀವೇ.

ಆದರೆ ನಮ್ಮ ಮನೆಗೆ ಅನ್ನಕ್ಕಿಂತ ದೊಡ್ಡದು ಇನ್ನೊಂದು ಬಂತು. ಸೂತಕದ ಮನೆ. ಅದರಲ್ಲೂ ಇಂಥ ಸಾವಿನ ಮನೆ. ಬಂದವರು ಹೊಸ್ತಿಲಲ್ಲೇ ನಿಂತು ಹೋಗುತ್ತಿದ್ದರು. ಹತ್ತು ದಿನದಿಂದ ಹೊರಗಿನವರು ಯಾರೂ ನಮ್ಮ ಮನೆಯಲ್ಲಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ಲೂರ್ದಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, “ಬಿಸಿಲಲ್ಲಿ ಬಂದೆ. ಒಂದು ಲೋಟ ನೀರು ಕೊಡಮ್ಮ” ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ನೀರು ಕೊಟ್ಟೆ. ಅವರು ಪೂರ್ತಿ ಕುಡಿದು, “ಇನ್ನೊಂದು ಲೋಟ” ಎಂದರು.

ಆ ಎರಡನೇ ಲೋಟಕ್ಕೆ ನಾನು ಹೇಗೆ ಕೃತಜ್ಞತೆ ಹೇಳಲಿ? ಫಾದರ್, ನಿಮ್ಮ ಪ್ರಾರ್ಥನೆಗಳಲ್ಲಿ ಅದಕ್ಕೊಂದು ಮಾತಿದ್ದರೆ ಕಲಿಸಿಕೊಡಿ.

ಅವತ್ತು ಅವರಿಗೆ ಒಂದು ವಿಷಯ ಹೇಳಿದೆ. ಇವತ್ತು ನಿಮಗೆ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಭೀಮೇಶ ಹೋದ ದಿನ ನಾನು ಕೆ.ಆರ್. ಪುರದ ತವರಿನಲ್ಲಿದ್ದೆ. ಮಗುವಿಗೆ ಜ್ವರ. ಭೀಮೇಶ ಫೋನ್ ಮಾಡಿದ್ದ. “ಆಮೇಲೆ ಮಾಡ್ತೀನಿ ರೀ, ಮಗು ಅಳ್ತಿದೆ” ಎಂದೆ. ಆಮೇಲೆ ಮಾಡಲಿಲ್ಲ. ಅದಕ್ಕೇ ಈಗಲೂ ಫೋನು ಒಂದು ಸಲ ಗುಂಯ್ ಎಂದರೂ ಎದ್ದು ಕೂರುತ್ತೇನೆ. ಎದ್ದವಳು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಹೋಗಲಿ, ಅದು ಬೇರೆ ಮಾತು.

ಇದನ್ನು ಕೇಳಿದ ಲೂರ್ದಮ್ಮ “ನಿನ್ನ ತಪ್ಪಿಲ್ಲ” ಎನ್ನಲಿಲ್ಲ. ಎಂದಿದ್ದರೆ ನಂಬುತ್ತಿರಲಿಲ್ಲ. “ಅವತ್ತು ನಿಂಗೆ ಗೊತ್ತಿರ್ಲಿಲ್ಲ ಮಗಾ. ಗೊತ್ತಿದ್ದಿದ್ರೆ ಬರಿಗಾಲಲ್ಲಿ ಓಡೋಗ್ತಿದ್ದೆ, ನಂಗೊತ್ತು” ಎಂದರು. ದೇವರು ಅವನ ಮೇಲೆ ಸಿಟ್ಟಾಗಿರುತ್ತಾನಾ ಎಂದು ಕೇಳಿದೆ. “ಶಿಲುಬೆ ಮೇಲೆ ಅತ್ತೋನು ನಮ್ಮ ದೇವ್ರು. ಅಳೋರ ಮೇಲೆ ಸಿಟ್ಟಾಗೋಕೆ ಅವ್ನಿಗೆಲ್ಲಿ ಟೈಮು?” ಎಂದು ಸೆರಗಿನಿಂದ ಮೂಗೊರೆಸಿಕೊಂಡರು.

ಆಗಲೇ ನನಗೆ ಗೊತ್ತಾದದ್ದು, ಅವರ ಹಿರಿಮಗ ಅಂತೋಣಿಯೂ ಹೀಗೇ ಹೋಗಿದ್ದ, ಹತ್ತೊಂಬತ್ತು ವರ್ಷದ ಹಿಂದೆ. ಅವನ ಮಣ್ಣಿಗೆ ಊರಿನ ಚರ್ಚಿನ ಗಂಟೆ ಬಾರಿಸಲು ಯಾರೂ ಒಪ್ಪಲಿಲ್ಲವಂತೆ. ಮೌನವಾಗಿ ಹೂಳಿ ಬಂದರಂತೆ. ಆ ಗಂಟೆಗಾಗಿ ಕಾದ ಕಿವಿ ಅದು. ಹನ್ನೆರಡು ವರ್ಷ ಈ ಬಳಗದ ಫೋನಿಗೆ ಕಿವಿಗೊಟ್ಟದ್ದು ಆ ಕಿವಿಯೇ.

ಹೋದ ನವೆಂಬರಿನಲ್ಲಿ, ಮೃತರನ್ನು ನೆನೆಯುವ ದಿನ, ಫಾದರ್ ಇನ್ನಾಸಪ್ಪನವರು ಅಂತೋಣಿಯ ಹೆಸರಿನ ಜೊತೆಗೆ ನಮ್ಮ ಭೀಮೇಶನ ಹೆಸರನ್ನೂ ಓದಿದರು. ಓದುವ ಮೊದಲು ಅತ್ತೆಯ ಒಪ್ಪಿಗೆ ಕೇಳಿದರು. ಅತ್ತೆ ಮೊಂಬತ್ತಿ ಹಚ್ಚಿ, ಅಭ್ಯಾಸಬಲ, ಎರಡೂ ಕೈ ಚಾಚಿ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾನು ನಾಚಿ ನೆಲ ನೋಡಿದೆ. ತಲೆಯೆತ್ತಿದರೆ, ಹಿಂದಿದ್ದ ಹೆಂಗಸರೆಲ್ಲ ಸಾಲಾಗಿ ಅದೇ ಮೊಂಬತ್ತಿಗೆ ಕೈ ಚಾಚುತ್ತಿದ್ದರು! ಅವತ್ತು ಮನೆಗೆ ಬಂದು ಅತ್ತೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ಮಗನ ಹೆಸರು ಹಿಡಿದು ಕರೆದರು, “ಭೀಮಾ” ಎಂದು.

ಕಳೆದ ಭಾನುವಾರ ಲೂರ್ದಮ್ಮ ಬಳಗದ ಆ ಫೋನನ್ನು ನನ್ನ ಕೈಗಿಟ್ಟರು. “ನಂಗೆ ಕಿವಿ ಮಂದ ಆಯ್ತು. ನೀನು ಹೆಂಗೂ ನಿದ್ದೆ ಮಾಡಲ್ವಲ್ಲ, ಇಟ್ಕೋ” ಎಂದರು. ನನ್ನ ಕಾಯಿಲೆಗೂ ಒಂದು ಕೆಲಸ ಕೊಟ್ಟ ಪುಣ್ಯಾತ್ಗಿತ್ತಿ ಇವರು.

ಈಗ ನಾಲ್ಕು ಇಪ್ಪತ್ತರ ಮಾತಿಗೆ ಬರುತ್ತೇನೆ. ಎರಡು ರಿಂಗಿಗೆ ಕಟ್ಟಾಯಿತು. ನಾನೇ ತಿರುಗಿ ಮಾಡಿದೆ. ಒಂದು ಹೆಣ್ಣುಧ್ವನಿ. “ನಾಳೆ... ಅಲ್ಲ, ಇವತ್ತು ಸಂಜೆ ಹಾಲಿಗೆ ಯಾರು ಬೇಕಾದ್ರೂ ಬರಬಹುದಾ?” ಎಂದಿತು. “ಬನ್ನಿ. ನಿಮ್ಮ ಹೆಸರು?” ಎಂದೆ. ಅವಸರಪಟ್ಟೆ, ಹೆಸರು ಕೇಳಬಾರದಿತ್ತು. “ರಾಂಗ್ ನಂಬರ್ ಮೇಡಂ” ಎಂದಿತು ಆ ಧ್ವನಿ.

ನನಗೆ ದಿಕ್ಕು ತೋಚದೆ, ಬೆಳಗಿನ ಜಾವ ನಾಲ್ಕು ಗಂಟೆಯಲ್ಲಿ, “ಊಟ ಆಯ್ತಾ?” ಎಂದೆ. ಆ ಕಡೆ ನಕ್ಕರೋ, ಅತ್ತರೋ ತಿಳಿಯಲಿಲ್ಲ. ಇಟ್ಟುಬಿಟ್ಟರು. ಅಲ್ಲಿಂದ ಹದಿನೇಳು ಸಲ ಮಾಡಿದ್ದೇನೆ. ಸ್ವಿಚ್ ಆಫ್.

ಅಮ್ಮಾ, ತಂಗೀ, ನೀವು ಯಾರೋ ನನಗೆ ಗೊತ್ತಿಲ್ಲ. ಈ ಹಾಲಿನಲ್ಲಿ ಇದ್ದೀರಿ ಎಂದು ನಂಬಿ ಮಾತಾಡುತ್ತಿದ್ದೇನೆ. ಕೈ ಎತ್ತಬೇಡಿ, ಎದ್ದು ನಿಲ್ಲಬೇಡಿ. ಅಡುಗೆಕೋಣೆಯಲ್ಲಿ ಕೂತು ನಾನು ರಾಂಗ್ ನಂಬರ್ ಎಂದ ಆ ಮಧ್ಯಾಹ್ನ, ನಾನಿಲ್ಲದಿದ್ದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಯೋಚಿಸಿ ಮುಗಿಸಿದ್ದೆ. ಅತ್ತೆ, ಇದು ನಿಮಗೂ ಗೊತ್ತಿರಲಿಲ್ಲ. ಕ್ಷಮಿಸಿ. ಒಂದು ಊಟದ ಮಾತು ನನ್ನನ್ನು ಇಲ್ಲಿಯವರೆಗೆ ಕರೆತಂದಿತು.

ಲೂರ್ದಮ್ಮನಿಗೂ ಬಳಗಕ್ಕೂ ನನ್ನ ವಂದನೆ ಮುಗಿಯುವಂಥದ್ದಲ್ಲ. ಊಟ ಹೊರಗಡೆ ಇದೆ, ಉಂಡು ಹೋಗಿ. ನಂಬರು ಬಾಗಿಲ ಪಕ್ಕದ ಬ್ಯಾನರಿನಲ್ಲಿದೆ, ನೀವು ಕೂತಲ್ಲಿಗೇ ಕಾಣುತ್ತದೆ. ಈಗ ಏಳೂವರೆ. ಬೆಳಗಾಗಲು ಇನ್ನೂ ಬಹಳ ಹೊತ್ತಿದೆ. ಕೈಮುಗಿದು ಕೇಳುತ್ತೇನೆ, ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ. ಹೆಸರು ಕೇಳುವುದಿಲ್ಲ. ಏನೂ ಹೇಳಲು ಆಗದಿದ್ದರೆ ರಾಂಗ್ ನಂಬರ್ ಎನ್ನಿ, ಸಾಕು. ನಾನು ಎದ್ದೇ ಇರುತ್ತೇನೆ.

ನಮಸ್ಕಾರ.