ಸ್ಪೀಕರ್ ತಿದ್ದಿದ ದನಿ

ಶನಿವಾರ ಬೆಳಿಗ್ಗೆ ಟೊರೆನ್ಸ್ ಊರಿನ ದೋಸೆ ಹೋಟೆಲಿನ ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದವರು ನಿವೃತ್ತ ಎಂಜಿನಿಯರ್ ವಿಠ್ಠಲ ಮತ್ತು ಅವರ ಹಳೆಯ ಸಹೋದ್ಯೋಗಿ ಜಹಾಂಗೀರ್.

"ನಾನೇ ಹಾಡಿ ಕಳಿಸಿದ ಹಾಡು ಕೇಳಿದ್ರಾ?" ಎಂದರು ವಿಠ್ಠಲ.

"ಕೇಳ್ದೆ ಸಾರ್. ದನಿ ಸ್ವಲ್ಪ ಕೀರಲು ಅನ್ನಿಸ್ತು."

"ನಮ್ಮನೆ ಸ್ಟುಡಿಯೋದಲ್ಲೂ ಹಾಗೇ ಇತ್ತು. ಸ್ಪೀಕರಿನಲ್ಲಿ ಕೀರಲು ತಗ್ಗಿಸೋ ಫಿಲ್ಟರ್ ತಿರುಗಿಸ್ದೆ, ಸದ್ದು ಏರಿಸ್ದೆ. ಈಗ ಜೇನು ಸುರಿದ ಹಾಗಿದೆ!"

"ಬದಲಾಗಿದ್ದು ನಿಮ್ಮ ಸ್ಪೀಕರ್ ಸಾರ್. ಹಾಡು ಹಾಗೇ ಇದೆ."

"ಅದನ್ನೇ ನಾನೂ ಹೇಳ್ತಿರೋದು. ತಪ್ಪು ನಿಮ್ಮನೆ ಸ್ಪೀಕರಿಂದು. ಪಕ್ಕದೂರು ಸ್ಯಾನ್ ಪೀಡ್ರೊದಲ್ಲಿ ಹಾಡು ಕಳಿಸಿದ್ದ ಎಲ್ಲರ ಮನೇದೂ ಸರಿ ಮಾಡಿ ಬಂದೆ. ನಾಳೆ ನಿಮ್ಮಲ್ಲಿಗೆ ಬರ್ತೀನಿ."

"ಸ್ಪೀಕರ್ ಮಾರಿಬಿಟ್ಟೆ ಸಾರ್."

"ಅಯ್ಯೋ, ಯಾವಾಗ?"

"ಇವತ್ತು ಸಂಜೆ," ಎಂದ ಜಹಾಂಗೀರ್ ದೋಸೆಯ ಆಸೆ ಬಿಟ್ಟು ಕಾರಿನ ಕಡೆ ನಡೆದರು.